ಪಕ್ಕೆಯಲ್ಲಿ ಶೆಲ್ ಚೂರು, ಕೈಯಲ್ಲಿ ನಕ್ಷೆ: ಒಬ್ಬ ನ್ಯಾವಿಗೇಟರ್‌ನ ಶೌರ್ಯವನ್ನು ಅಳೆದದ್ದು ಹೇಗೆ?

1944ರ ನವೆಂಬರ್ 2. ಜರ್ಮನಿಯ ಮೆರ್ಸೆಬುರ್ಗ್ ಪಟ್ಟಣದ ಹತ್ತಿರ ಅಮೆರಿಕದ ಬಿ-17 ಬಾಂಬರ್ ಒಂದಕ್ಕೆ ನೆಲದಿಂದ ಹಾರಿಸಿದ ಮೂರು ಶೆಲ್‌ಗಳು ಬಡಿದವು. ವಿಮಾನದ ನ್ಯಾವಿಗೇಟರ್ ಸೆಕೆಂಡ್ ಲೆಫ್ಟಿನೆಂಟ್ ರಾಬರ್ಟ್ ಫೆಮೋಯರ್ ಅವರ ಪಕ್ಕೆಗೂ ಬೆನ್ನಿಗೂ ಲೋಹದ ಚೂರುಗಳು ಹೊಕ್ಕವು. ಎರಡು ದಿನದ ಹಿಂದಷ್ಟೇ ಅವರಿಗೆ 23 ತುಂಬಿತ್ತು. ರಕ್ತ ಹರಿಯುತ್ತಿತ್ತು, ನೆಲದಿಂದ ಏಳಲು ಆಗುತ್ತಿರಲಿಲ್ಲ. ಜೊತೆಯವರು ನೋವು ಇಳಿಸಲು ಮಾರ್ಫಿನ್ ಚುಚ್ಚಲು ಬಂದರು. ಅವರು ಬೇಡವೆಂದರು. ತಮ್ಮನ್ನು ಒರಗಿಸಿ ಕೂರಿಸಿ, ನಕ್ಷೆಯೂ ಉಪಕರಣಗಳೂ ಕಾಣುವ ಹಾಗೆ ಮಾಡಿ ಎಂದು ಕೇಳಿಕೊಂಡರು. ಆಮೇಲೆ ಎರಡೂವರೆ ತಾಸು, ಒಂಟಿಯಾಗಿ ಹಿಂದೆ ಬರುತ್ತಿದ್ದ ಆ ವಿಮಾನಕ್ಕೆ ದಾರಿ ಹೇಳಿದರು. ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ, ಇನ್ನು ಅಪಾಯವಿಲ್ಲ ಎನ್ನುವ ಜಾಗ ತಲುಪಿದ ಮೇಲೆಯೇ ಇಂಜೆಕ್ಷನ್‌ಗೆ ಒಪ್ಪಿದರು. ವಿಮಾನದಿಂದ ಇಳಿಸಿದ ಸ್ವಲ್ಪ ಹೊತ್ತಿಗೆ ತೀರಿಕೊಂಡರು.

ಅವರಿಗೆ ಮರಣೋತ್ತರವಾಗಿ ಮೆಡಲ್ ಆಫ್ ಆನರ್ ಬಂತು. ಅಮೆರಿಕದ ಸೈನಿಕನಿಗೆ ಸಿಗುವ ಪದಕಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ನಮ್ಮ ಪರಮವೀರ ಚಕ್ರದ ಸ್ಥಾನ ಅದಕ್ಕೆ.

ಈ ಕತೆಯನ್ನು ಮೊದಲ ಸಲ ಓದಿದಾಗ ಮನಸ್ಸು ತುಂಬಿ ಬಂತು. ಎರಡನೆಯ ಸಲ ಓದಿದಾಗ ಒಂದು ಪ್ರಶ್ನೆ ಹುಟ್ಟಿತು, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ಪದಕ ಕೊಡುವುದಕ್ಕೆ ಇರುವ ಷರತ್ತು "ಕರ್ತವ್ಯದ ಕರೆಯನ್ನೂ ಮೀರಿದ" ಶೌರ್ಯ. ಫೆಮೋಯರ್ ಮಾಡಿದ್ದು ಏನು? ನ್ಯಾವಿಗೇಟರ್ ಆಗಿದ್ದವರು ನ್ಯಾವಿಗೇಟರ್ ಕೆಲಸವನ್ನೇ ಮಾಡಿದರು. ಗುಂಡು ಹಾರಿಸಲಿಲ್ಲ, ಶತ್ರು ವಿಮಾನ ಕೆಡವಲಿಲ್ಲ. ನಕ್ಷೆ ನೋಡಿದರು, ಲೆಕ್ಕ ಹಾಕಿದರು, ದಿಕ್ಕು ಹೇಳಿದರು. ತನ್ನ ಕರ್ತವ್ಯವನ್ನೇ ಮಾಡಿದವನು ಕರ್ತವ್ಯವನ್ನು ಮೀರಿದ್ದು ಎಲ್ಲಿ? ಇದಕ್ಕೆ ಉತ್ತರ ಬೇಕೆಂದರೆ ಆ ಲೆಕ್ಕ ಎಂಥದ್ದು ಎಂದು ಮೊದಲು ತಿಳಿಯಬೇಕು. ಹಾಗಾಗಿ ಪದಕದ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು, ದಾರಿ ಹುಡುಕುವ ಮಾತು ಆಡೋಣ.

ಹರಿಗೋಲಿನ ಲೆಕ್ಕ

ಹಂಪಿಯ ಕಡೆಯಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ತುಂಗಭದ್ರೆ ದಾಟಿದವರು ಒಂದು ಸಂಗತಿ ಗಮನಿಸಿರುತ್ತೀರಿ. ಆಚೆ ದಡದಲ್ಲಿ ಇಳಿಯಬೇಕಾದ ಜಾಗ ಎದುರಿಗೇ ಕಾಣುತ್ತಿದ್ದರೂ ಅಂಬಿಗ ನೇರ ಅದರ ಕಡೆಗೆ ಹುಟ್ಟು ಹಾಕುವುದಿಲ್ಲ. ಹೊಳೆಯ ಮೇಲ್ಬದಿಗೆ ಓರೆಯಾಗಿ ಹೊರಡುತ್ತಾನೆ. ನೀರಿನ ಸೆಳವು ಹರಿಗೋಲನ್ನು ಕೆಳಗೆ ತಳ್ಳುತ್ತಾ ತಳ್ಳುತ್ತಾ ಸರಿಯಾಗಿ ಆ ಜಾಗಕ್ಕೇ ತಂದು ಮುಟ್ಟಿಸುತ್ತದೆ. ಸೆಳವು ಎಷ್ಟು, ಎಷ್ಟು ಓರೆ ಹಿಡಿಯಬೇಕು ಎನ್ನುವುದು ಅವನ ತೋಳಿಗೆ ಗೊತ್ತು.

ವಿಮಾನಕ್ಕೆ ಗಾಳಿಯೇ ಹೊಳೆ. ವಿಮಾನ ಹಾರುವುದು ನೆಲದ ಮೇಲಲ್ಲ, ಗಾಳಿಯೊಳಗೆ. ಆ ಗಾಳಿ ತಾನೇ ಒಂದು ಕಡೆಗೆ ಹರಿಯುತ್ತಿರುತ್ತದೆ. ಮೂತಿ ಪಶ್ಚಿಮಕ್ಕಿದ್ದ ಮಾತ್ರಕ್ಕೆ ವಿಮಾನ ಪಶ್ಚಿಮಕ್ಕೇ ಹೋಗುತ್ತಿದೆ ಎಂದಲ್ಲ. ಹೊಳೆಗೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ, ಹೊಳೆಯ ಸೆಳವು ಕಣ್ಣಿಗೆ ಕಾಣುತ್ತದೆ, ದಡವೂ ಕಾಣುತ್ತದೆ. ಏಳೆಂಟು ಕಿ.ಮೀ. ಎತ್ತರದಲ್ಲಿ, ಕೆಳಗೆ ಮೋಡ ಹಾಸಿಕೊಂಡಿದ್ದಾಗ, ಗಾಳಿಯೂ ಕಾಣದು, ದಡವೂ ಕಾಣದು.

ಒಂದು ಉದಾಹರಣೆ ಹಾಕಿ ನೋಡೋಣ. ಇದು ಫೆಮೋಯರ್ ಅವರ ಅಂದಿನ ಲೆಕ್ಕವಲ್ಲ, ತಿಳಿಯಲಿಕ್ಕಾಗಿ ನಾನು ಮಾಡಿಕೊಂಡದ್ದು. ನೀವು ನೇರ ಪಶ್ಚಿಮಕ್ಕೆ ಹೋಗಬೇಕು. ಗಾಳಿಯೊಳಗೆ ವಿಮಾನದ ವೇಗ ಗಂಟೆಗೆ 320 ಕಿ.ಮೀ. ವಾಯವ್ಯದಿಂದ ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ಬೀಸುತ್ತಿದೆ. ಏನೂ ಲೆಕ್ಕ ಹಾಕದೆ ಮೂತಿಯನ್ನು ಪಶ್ಚಿಮಕ್ಕೆ ಹಿಡಿದು ಒಂದು ಗಂಟೆ ಹಾರಿದರೆ, ನೀವು ಅಂದುಕೊಂಡ ದಾರಿಯಿಂದ ಸುಮಾರು 56 ಕಿ.ಮೀ. ದಕ್ಷಿಣಕ್ಕೆ ಸರಿದಿರುತ್ತೀರಿ. ಬೆಂಗಳೂರಿಂದ ಹೊರಟವರು ರಾಮನಗರ ದಾಟಿ ಚನ್ನಪಟ್ಟಣದ ಹತ್ತಿರ ಹೋದಷ್ಟು ದೂರ, ಅದೂ ಅಡ್ಡಕ್ಕೆ. ದಾರಿ ನೇರ ಇರಬೇಕಾದರೆ ಮೂತಿಯನ್ನು ಸುಮಾರು 10 ಡಿಗ್ರಿ ಉತ್ತರಕ್ಕೆ ಓರೆ ಹಿಡಿಯಬೇಕು. ಹಾಗೆ ಹಿಡಿದರೂ ಎದುರುಗಾಳಿ ಒಂದಿಷ್ಟು ವೇಗ ತಿನ್ನುವುದರಿಂದ ನೆಲದ ಮೇಲಿನ ನಿಜವಾದ ವೇಗ 320 ಇರುವುದಿಲ್ಲ, ಸುಮಾರು 258ಕ್ಕೆ ಇಳಿಯುತ್ತದೆ. ಇಷ್ಟೂ ತಿಳಿದರೆ ಮಾತ್ರ "ಇನ್ನು 40 ನಿಮಿಷಕ್ಕೆ ಕರಾವಳಿ ಬರುತ್ತದೆ" ಎಂದು ಹೇಳಬಹುದು.

ಈ ಲೆಕ್ಕವನ್ನು ನಾನು ಒಂದು ಭಾನುವಾರ ಊಟದ ಮೇಜಿನ ಮೇಲೆ ಕಾಗದ, ಸ್ಕೇಲು, ಕೋನಮಾಪಕ ಇಟ್ಟುಕೊಂಡು ಗೆರೆ ಎಳೆದು ಮಾಡಿ ನೋಡಿದೆ. ಒಂದು ಗೆರೆ ಹೋಗಬೇಕಾದ ದಾರಿಗೆ, ಒಂದು ಗಾಳಿಗೆ, ಮೂರನೆಯದು ಮೂತಿಗೆ. ಮೂರೂ ಸೇರಿ ಒಂದು ತ್ರಿಕೋನ. ಕಷ್ಟದ ಗಣಿತವಲ್ಲ, ಹೈಸ್ಕೂಲು ಮಟ್ಟದ್ದೇ. ಆದರೆ ಗಾಳಿ ವಾಯವ್ಯ"ದಿಂದ" ಬರುತ್ತದೋ ವಾಯವ್ಯ"ಕ್ಕೆ" ಹೋಗುತ್ತದೋ ಎಂದು ಒಂದು ಕ್ಷಣ ಮರೆತರೆ ಸಾಕು, 10 ಡಿಗ್ರಿ ಉತ್ತರಕ್ಕೆ ಹೋಗಬೇಕಾದ್ದು ದಕ್ಷಿಣಕ್ಕೆ ಹೋಗುತ್ತದೆ. ಆಗ ಆಗುವ ತಪ್ಪು, ಏನೂ ಲೆಕ್ಕ ಹಾಕದೆ ಹಾರಿದಾಗ ಆಗುವ ತಪ್ಪಿನ ದುಪ್ಪಟ್ಟು. ಉತ್ತರ ನೋಡಿದರೆ ತಪ್ಪು ಅಂತ ಅನಿಸುವುದೂ ಇಲ್ಲ. ತಲೆ ತಿಳಿಯಾಗಿರಬೇಕು ಎನ್ನುವ ಮಾತಿನ ತೂಕ ನನಗೆ ಅವತ್ತು ಗೊತ್ತಾಯಿತು.

ಯುದ್ಧಕಾಲದ ನ್ಯಾವಿಗೇಟರ್‌ಗಳ ಕೈಯಲ್ಲಿ ಇದಕ್ಕೆಂದೇ ಇ6-ಬಿ ಎಂಬ ಉಪಕರಣ ಇರುತ್ತಿತ್ತು. ಹೆಸರಿಗೆ ಕಂಪ್ಯೂಟರ್, ನೋಡಿದರೆ ಒಂದು ತಿರುಗುವ ತಟ್ಟೆ, ಜೊತೆಗೆ ಹಿಂದೆ ಮುಂದೆ ಜರುಗುವ ಒಂದು ಪಟ್ಟಿ. ಒಂದು ಬದಿಯಲ್ಲಿ ವೇಗ, ಸಮಯ, ದೂರದ ಲೆಕ್ಕ. ಇನ್ನೊಂದು ಬದಿಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಗಾಳಿಯ ತ್ರಿಕೋನ ಬಿಡಿಸುವುದು. ಅಮೆರಿಕದ ಫಿಲಿಪ್ ಡಾಲ್ಟನ್ ಎಂಬವರು 1930ರ ದಶಕದಲ್ಲಿ ರೂಪಿಸಿದ ಈ ಉಪಕರಣವನ್ನು ಪೈಲಟ್ ತರಬೇತಿ ಶಾಲೆಗಳಲ್ಲಿ ಈಗಲೂ ಕಲಿಸುತ್ತಾರೆ.

ಆದರೆ ತ್ರಿಕೋನ ಬಿಡಿಸಲು ಮೊದಲು ಗಾಳಿ ಎಷ್ಟೆಂದು ಗೊತ್ತಿರಬೇಕಲ್ಲ. ಹೊರಡುವ ಮುಂಚೆ ಹವಾಮಾನದವರು ಒಂದು ಅಂದಾಜು ಕೊಡುತ್ತಿದ್ದರು. ಅದು ಅಂದಾಜು ಮಾತ್ರ. ಎತ್ತರ ಬದಲಾದರೆ ಗಾಳಿಯೂ ಬದಲು. ಕೆಳಗೆ ನೆಲ ಕಂಡರೆ ಡ್ರಿಫ್ಟ್ ಮೀಟರ್ ಎಂಬ ಕೊಳವೆಯ ಮೂಲಕ ನೋಡಬಹುದಿತ್ತು: ಗಾಜಿನ ಮೇಲೆ ಗೀಚಿದ ಗೆರೆಗಳಿಗೆ ಸರಿಯಾಗಿ ಹೊಲ, ಮರ, ರಸ್ತೆ ಜಾರುವ ಹಾಗೆ ಗಾಜನ್ನು ತಿರುಗಿಸಿದರೆ, ವಿಮಾನ ಎಷ್ಟು ಡಿಗ್ರಿ ಅಡ್ಡಕ್ಕೆ ಸರಿಯುತ್ತಿದೆ ಎಂದು ಓದಬಹುದು. ನದಿ, ರೈಲುಹಳಿ, ಊರು ಕಂಡರೆ ನಕ್ಷೆಯೊಡನೆ ಹೋಲಿಸಬಹುದು. ಇರುವ ಜಾಗ ತಿಳಿಯಲು ಬ್ರಿಟಿಷರ ಗೀ ಎಂಬ ರೇಡಿಯೋ ವ್ಯವಸ್ಥೆಯೂ ಇತ್ತು, ಆದರೆ ಜರ್ಮನಿಯ ಒಳಗೆ ಹೋದಷ್ಟೂ ಅದರ ಸಂಕೇತವನ್ನು ಶತ್ರು ಕೆಡಿಸುತ್ತಿದ್ದ. ಇವು ಯಾವುವೂ ಇಲ್ಲದ ಹೊತ್ತಿನಲ್ಲಿ ಉಳಿಯುವುದು ಡೆಡ್ ರೆಕನಿಂಗ್: ಕಡೆಯ ಸಲ ಎಲ್ಲಿದ್ದೆವು, ಆಮೇಲೆ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ನಿಮಿಷ ಹಾರಿದೆವು, ಆದ್ದರಿಂದ ಈಗ ಎಲ್ಲಿದ್ದೇವೆ. ಇದರಲ್ಲಿ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಸುಳ್ಳು. ಅದಕ್ಕೇ ನ್ಯಾವಿಗೇಟರ್ ಮುಂದೆ ಒಂದು ಲಾಗ್ ಹಾಳೆ ಸದಾ ತೆರೆದಿರುತ್ತಿತ್ತು. ಕೆಲವೇ ನಿಮಿಷಕ್ಕೊಮ್ಮೆ ಅದರಲ್ಲಿ ಸಮಯ, ದಿಕ್ಕು, ವೇಗ, ಎತ್ತರ ಬರೆಯುತ್ತಲೇ ಇರಬೇಕಿತ್ತು.

ಇದನ್ನೆಲ್ಲ ಅವರು ಮಾಡುತ್ತಿದ್ದ ಜಾಗವನ್ನೂ ಒಮ್ಮೆ ನೋಡಬೇಕು. ಬಿ-17ರ ಮೂತಿಯೊಳಗೆ, ಗುರಿ ನೋಡಿ ಬಾಂಬ್ ಹಾಕುವ ಬಾಂಬಾರ್ಡಿಯರ್ ಹಿಂದೆ, ಎಡಗಡೆಗೆ ಒಂದು ಸಣ್ಣ ಮೇಜು. ಅದರ ಮೇಲೆ ನಕ್ಷೆ, ಸ್ಕೇಲು, ಪೆನ್ಸಿಲು. ತಲೆಯ ಮೇಲೆ ನಕ್ಷತ್ರ ನೋಡಲು ಒಂದು ಗಾಜಿನ ಗುಮ್ಮಟ. ಪಕ್ಕದಲ್ಲಿ ಮೆಷಿನ್‌ಗನ್, ಶತ್ರು ವಿಮಾನ ಬಂದರೆ ಅದನ್ನೂ ಇವರೇ ಹಿಡಿಯಬೇಕು. ಮುಖಕ್ಕೆ ಆಮ್ಲಜನಕದ ಮಾಸ್ಕ್. ಆ ಎತ್ತರದ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯವಾಗಿತ್ತು. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ, ಹಾಕಿಕೊಂಡರೆ ಪೆನ್ಸಿಲು ಹಿಡಿಯಲು ಆಗುವುದಿಲ್ಲ.

ಒಂಟಿ ವಿಮಾನ

ಮೆರ್ಸೆಬುರ್ಗ್ ಹತ್ತಿರದ ಲ್ಯೂನಾದಲ್ಲಿ ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡುವ ದೊಡ್ಡ ಕಾರ್ಖಾನೆ ಇತ್ತು. ಜರ್ಮನಿಗೆ ಸ್ವಂತ ಎಣ್ಣೆ ಬಾವಿಗಳ ಆಸರೆ ಕಡಿಮೆ, ಅದರ ಟ್ಯಾಂಕು ವಿಮಾನಗಳೆಲ್ಲ ಇಂಥ ಕಾರ್ಖಾನೆಗಳನ್ನೇ ನಂಬಿಕೊಂಡಿದ್ದವು. ಹಾಗಾಗಿ ಅದರ ಸುತ್ತ ವಿಮಾನ ಹೊಡೆಯುವ ಫಿರಂಗಿಗಳ ಕೋಟೆಯನ್ನೇ ಕಟ್ಟಿದ್ದರು. ಮುಂಜಾನೆ ಬ್ರೀಫಿಂಗ್ ಕೋಣೆಯಲ್ಲಿ ಪರದೆ ಸರಿಸಿ ಇವತ್ತಿನ ಗುರಿ ಮೆರ್ಸೆಬುರ್ಗ್ ಎಂದರೆ ಅಮೆರಿಕನ್ ಸಿಬ್ಬಂದಿಯ ಎದೆ ಧಸಕ್ಕೆನ್ನುತ್ತಿತ್ತು.

ಫೆಮೋಯರ್ ಅವರ 447ನೇ ಬಾಂಬರ್ ಗುಂಪಿನ ನೆಲೆ ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ರ‍್ಯಾಟಲ್ಸ್‌ಡೆನ್. ಅಲ್ಲಿಂದ ಮೆರ್ಸೆಬುರ್ಗ್‌ಗೆ ನೇರ ಗೆರೆ ಎಳೆದರೆ 750 ಕಿ.ಮೀ. ಮೇಲೆ. ಈ ದೂರವನ್ನು ನೂರಾರು ಬಾಂಬರ್‌ಗಳು ಒತ್ತೊತ್ತಾಗಿ, ಸಾಲು ಕಟ್ಟಿ ಹಾರುತ್ತಿದ್ದವು. ಸಾಲಿನಲ್ಲಿ ಇರುವಷ್ಟು ಹೊತ್ತು ದಾರಿ ತೋರಿಸುವ ಭಾರ ಮುಂಚೂಣಿ ವಿಮಾನದ ನ್ಯಾವಿಗೇಟರ್ ಮೇಲೆ; ಉಳಿದವರು ತಮ್ಮ ತಮ್ಮ ಲಾಗ್ ಬರೆದುಕೊಂಡು ಹಿಂಬಾಲಿಸಿದರೆ ಸಾಕು. ಹೋದ ಹಾಗೆ ಬಂದರೆ ಆ ಲಾಗ್‌ನ ಅಗತ್ಯವೇ ಬೀಳುವುದಿಲ್ಲ.

ಶೆಲ್ ಬಡಿದು ಸಾಲಿನಿಂದ ಹೊರಬಿದ್ದ ಕ್ಷಣ ಎಲ್ಲವೂ ತಿರುವುಮುರುವಾಗುತ್ತದೆ. ಮುಂದೆ ಹಿಂಬಾಲಿಸಲು ಯಾರೂ ಇಲ್ಲ. ಪೆಟ್ಟು ತಿಂದ ವಿಮಾನದ ವೇಗ, ಎತ್ತರ ಮೊದಲಿನಂತೆ ಇರುವ ಭರವಸೆ ಇಲ್ಲ. ಅಂದರೆ ಮೊದಲು ಹಾಕಿಟ್ಟ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಹಾಕಬೇಕು. ಶತ್ರು ಫೈಟರ್‌ಗಳಿಗೆ ಒಂಟಿ ಬಾಂಬರ್‌ಗಿಂತ ಸುಲಭದ ಬೇಟೆ ಇಲ್ಲ. ನೆಲದ ಮೇಲೆ ಫಿರಂಗಿಗಳು ಎಲ್ಲೆಲ್ಲಿವೆ ಎಂದು ನ್ಯಾವಿಗೇಟರ್ ನಕ್ಷೆಯಲ್ಲಿ ಗುರುತು ಇರುತ್ತಿತ್ತು. ಅವುಗಳ ನಡುವಿನ ಸಂದಿಯಲ್ಲೇ ನುಸುಳಬೇಕು. ನೇರ ಮನೆಗೆ ಹೋಗುವಂತಿಲ್ಲ. ಇಲ್ಲಿಂದ ಇಷ್ಟು ನಿಮಿಷ ಆ ಕಡೆಗೆ, ಅಲ್ಲಿಂದ ಇಷ್ಟು ನಿಮಿಷ ಈ ಕಡೆಗೆ. ಪ್ರತಿ ತಿರುವಿಗೂ ಹೊಸ ತ್ರಿಕೋನ. ನಾವು ಎಲ್ಲಿದ್ದೇವೆ ಎನ್ನುವುದು ಹತ್ತು ಹದಿನೈದು ಕಿ.ಮೀ. ತಪ್ಪಿದರೆ, ತಪ್ಪಿಸಿಕೊಂಡೆವು ಎಂದುಕೊಂಡ ಊರಿನ ನೆತ್ತಿಯ ಮೇಲೇ ಹೋಗಿ ನಿಲ್ಲಬಹುದು.

ಫೆಮೋಯರ್ ಅವರ ಪದಕದ ಜೊತೆಗಿನ ಸೈಟೇಷನ್, ಅಂದರೆ ಯಾವ ಕಾರ್ಯಕ್ಕಾಗಿ ಈ ಗೌರವ ಎಂದು ವಿವರಿಸುವ ಅಧಿಕೃತ ಬರಹ, ಈ ಎರಡೂವರೆ ತಾಸನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ: ಒಂಟಿ ಬಾಂಬರ್‌ಗೆ ಅವರು ಎಷ್ಟು ಚೆನ್ನಾಗಿ ದಾರಿ ತೋರಿಸಿದರೆಂದರೆ ಅದು ಶತ್ರುವಿನ ಫಿರಂಗಿಗಳನ್ನು ತಪ್ಪಿಸಿಕೊಂಡು, ಮತ್ತೆ ಪೆಟ್ಟು ತಿನ್ನದೆ ನೆಲೆ ಸೇರಿತು. ಬಾಂಬರ್ ಯುದ್ಧದ ಬಗ್ಗೆ ಏನೂ ಗೊತ್ತಿಲ್ಲದೆ ಓದಿದರೆ ಇದು ಸಪ್ಪೆ ವಾಕ್ಯ. ಒಳಗಿನ ಕೆಲಸ ಗೊತ್ತಿದ್ದು ಓದಿದರೆ "ಮತ್ತೆ ಪೆಟ್ಟು ತಿನ್ನದೆ" ಎನ್ನುವ ಮೂರು ಪದಗಳ ಹಿಂದೆ ಎಷ್ಟು ತ್ರಿಕೋನಗಳಿವೆ ಎಂದು ಕಾಣುತ್ತದೆ.

ಕರ್ತವ್ಯ ಮುಗಿಯುವುದು ಎಲ್ಲಿ?

ಈಗ ಆ ಪ್ರಶ್ನೆಗೆ ಬರೋಣ. ಉತ್ತರ ಆ ಇಂಜೆಕ್ಷನ್‌ನಲ್ಲಿದೆ ಎಂದು ನಾನು ನಂಬುತ್ತೇನೆ.

ಮಾರ್ಫಿನ್ ನೋವನ್ನು ಮಾತ್ರ ಆರಿಸಿ ಬುದ್ಧಿಯನ್ನು ಮುಟ್ಟದೆ ಬಿಡುವ ಔಷಧಿಯಲ್ಲ. ನೋವಿನ ಜೊತೆಗೆ ಎಚ್ಚರವೂ ಮಂಕಾಗುತ್ತದೆ, ಮಂಪರು ಕವಿಯುತ್ತದೆ. ಅಂಥ ಗಾಯವಾದ ಮನುಷ್ಯನಿಂದ ಯಾವ ಸೈನ್ಯವೂ, ಯಾವ ಅಧಿಕಾರಿಯೂ ಕೆಲಸ ನಿರೀಕ್ಷಿಸುವುದಿಲ್ಲ. ಜೊತೆಯವರು ಸಿರಿಂಜ್ ಹಿಡಿದು ಬಂದದ್ದೇ "ನಿನ್ನ ಕೆಲಸ ಮುಗಿಯಿತು, ಇನ್ನು ಮಲಗು" ಎಂದ ಹಾಗೆ. ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅವರನ್ನು ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ. ಅಂದರೆ ಕರ್ತವ್ಯ ಅಲ್ಲಿಗೇ ಮುಗಿದಿತ್ತು. ಅದರ ನಂತರ ಅವರು ಹೇಳಿದ ಪ್ರತಿಯೊಂದು ದಿಕ್ಕು, ಹಾಕಿದ ಪ್ರತಿಯೊಂದು ಲೆಕ್ಕ, ಕರ್ತವ್ಯದ ಗೆರೆಯ ಆಚೆಯದು. ಕೆಲಸ ಅದೇ, ಆದರೆ ಈಗ ಅದನ್ನು ಕೇಳುವ ಹಕ್ಕು ಯಾರಿಗೂ ಇರಲಿಲ್ಲ.

ಸೈಟೇಷನ್ ಬರೆದವರಿಗೂ ಇದು ಗೊತ್ತಿತ್ತು. ವೈರಿಯ ಬಗ್ಗೆ ಅದರಲ್ಲಿ ಹೆಚ್ಚು ಮಾತಿಲ್ಲ. ಬುದ್ಧಿ ತಿಳಿಯಾಗಿರಲೆಂದು ಮಾರ್ಫಿನ್ ಬೇಡವೆಂದದ್ದು, ಒರಗಿಸಿ ಕೂರಿಸಲು ಕೇಳಿದ್ದು, ಕಡಲ್ಗಾಲುವೆಯ ಮೇಲೆ ಬಂದಾಗ "ಆಗ, ಆಗ ಮಾತ್ರ" ಇಂಜೆಕ್ಷನ್‌ಗೆ ಒಪ್ಪಿದ್ದು: ಒತ್ತು ಬಿದ್ದಿರುವುದು ಇವುಗಳ ಮೇಲೆ. ಸರ್ಕಾರಿ ಬರಹದಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುವುದು ಅಪರೂಪ. ಇಲ್ಲಿ ಹೇಳಿದ್ದಾರೆ. ಆ "ಆಗ ಮಾತ್ರ" ಎನ್ನುವಲ್ಲಿ ನನ್ನ ಕಣ್ಣು ಪ್ರತಿ ಸಲವೂ ನಿಲ್ಲುತ್ತದೆ.

ಅದೇ ವರ್ಷ ಫೆಬ್ರವರಿ 20ರಂದು ಇನ್ನೊಬ್ಬ ನ್ಯಾವಿಗೇಟರ್ ಇದೇ ಗೆರೆಯನ್ನು ದಾಟಿದ್ದರು. ಇಲಿನಾಯ್‌ನ ಅರೋರಾ ಊರಿನ ವಾಲ್ಟರ್ ಟ್ರೂಂಪರ್. ಲೈಪ್‌ಜಿಗ್ ಮೇಲಿನ ದಾಳಿಯಲ್ಲಿ ಶತ್ರು ಫೈಟರ್‌ಗಳ ಏಟಿಗೆ ಅವರ ಬಿ-17ರ ಕೋಪೈಲಟ್ ಸ್ಥಳದಲ್ಲೇ ಸತ್ತರು, ಪೈಲಟ್ ಗಾಯಗೊಂಡು ಪ್ರಜ್ಞೆ ತಪ್ಪಿದರು. ಟ್ರೂಂಪರ್ ಮತ್ತು ವಿಮಾನದ ಇಂಜಿನಿಯರ್ ಆರ್ಚಿಬಾಲ್ಡ್ ಮ್ಯಾಥೀಸ್, ಇಬ್ಬರೂ ಪೈಲಟ್‌ಗಳಲ್ಲ, ಹೇಗೋ ವಿಮಾನವನ್ನು ಇಂಗ್ಲೆಂಡಿನ ಪೋಲ್‌ಬ್ರುಕ್ ನೆಲೆಯವರೆಗೆ ತಂದರು. ಉಳಿದವರು ಪ್ಯಾರಾಚೂಟ್ ಕಟ್ಟಿಕೊಂಡು ನೆಲೆಯ ಮೇಲೆ ಹಾರಿಕೊಂಡರು. ಅವರ ಕಮಾಂಡಿಂಗ್ ಅಧಿಕಾರಿ ಇನ್ನೊಂದು ವಿಮಾನದಲ್ಲಿ ಮೇಲೆ ಬಂದು ನೋಡಿ, ಇದನ್ನು ಇವರು ಇಳಿಸಲಾರರು ಎಂದು ತೀರ್ಮಾನಿಸಿ, ನೀವೂ ಹಾರಿಬಿಡಿ ಎಂದು ಆದೇಶ ಕೊಟ್ಟರು. ಪೈಲಟ್ ಇನ್ನೂ ಬದುಕಿದ್ದಾರೆ, ಅವರನ್ನು ಕದಲಿಸಲು ಆಗುವುದಿಲ್ಲ, ಬಿಟ್ಟು ಬರುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಇಳಿಸಲು ಪ್ರಯತ್ನಿಸಿ ಎಂದರು. ಎರಡು ಸಲ ಆಗಲಿಲ್ಲ. ಮೂರನೆಯ ಸಲ ವಿಮಾನ ಬಯಲಿಗೆ ಅಪ್ಪಳಿಸಿತು, ಮೂವರೂ ತೀರಿಕೊಂಡರು. ಟ್ರೂಂಪರ್, ಮ್ಯಾಥೀಸ್ ಇಬ್ಬರಿಗೂ ಮೆಡಲ್ ಆಫ್ ಆನರ್ ಬಂತು.

ಇಲ್ಲಿ ಕರ್ತವ್ಯ ಮುಗಿಯಿತೆಂದು ಬಾಯಿಬಿಟ್ಟೇ ಹೇಳಿದ್ದರು, ಅದೂ ಆದೇಶದ ರೂಪದಲ್ಲಿ. ಫೆಮೋಯರ್ ಅವರಿಗೆ ಬಿಡುಗಡೆ ಸಿರಿಂಜ್ ರೂಪದಲ್ಲಿ ಬಂತು, ಟ್ರೂಂಪರ್ ಅವರಿಗೆ ರೇಡಿಯೋದಲ್ಲಿ ಬಂತು. ಇಬ್ಬರೂ ತೆಗೆದುಕೊಳ್ಳಲಿಲ್ಲ. ಟ್ರೂಂಪರ್ ಹುಟ್ಟಿದ್ದು 1918ರ ಅಕ್ಟೋಬರ್ 31ರಂದು, ಫೆಮೋಯರ್ 1921ರ ಅಕ್ಟೋಬರ್ 31ರಂದು. ಈ ಹೊಂದಿಕೆಗೆ ಅರ್ಥ ಹುಡುಕಬೇಕಾಗಿಲ್ಲ, ಆದರೂ ಒಮ್ಮೆ ಗಮನಕ್ಕೆ ಬಂದ ಮೇಲೆ ಮರೆಯಲು ಆಗುವುದಿಲ್ಲ.

ಕಂಡವರು ಹೇಳಬೇಕು

ಎಲ್ಲ ಪದಕವೂ ಹೀಗೆ ಒಂದು ಘಟನೆಗೆ ಬರುವುದಿಲ್ಲ. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಸೇನೆಯಲ್ಲಿ ಏರ್ ಮೆಡಲ್ ಎಂಬುದನ್ನು ಇಷ್ಟು ದಾಳಿ ಮುಗಿಸಿದರೆ ಒಂದು ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು. ಹೋಗಿ ಬಂದದ್ದೇ ಧೈರ್ಯ, ನಿಜ; ಆದರೆ ಅದು ಎಲ್ಲರಿಗೂ ಸಮ. ಮೆಡಲ್ ಆಫ್ ಆನರ್ ಹಾಗಲ್ಲ. ಕಮಾಂಡರ್ ಶಿಫಾರಸು ಮಾಡಬೇಕು, ಕಣ್ಣಾರೆ ಕಂಡವರು ಹೇಳಿಕೆ ಬರೆದುಕೊಡಬೇಕು, ಕಡತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ವಾಷಿಂಗ್ಟನ್ ತಲುಪಬೇಕು, ಪ್ರತಿ ಮೆಟ್ಟಿಲಲ್ಲೂ ಅದನ್ನು ಜರಡಿ ಹಿಡಿಯುತ್ತಾರೆ. ಅನುಮಾನಕ್ಕೆ ಎಡೆ ಇರಬಾರದು.

ಬಾಂಬರ್‌ನ ನ್ಯಾವಿಗೇಟರ್ ವಿಷಯದಲ್ಲಿ ಇದು ಎರಡು ಅಲಗಿನ ಕತ್ತಿ. ಅವರ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಸುತ್ತ ಹಾರುವ ವಿಮಾನಗಳಿಂದ ನೋಡಿದವರಿಗೆ ಬಿದ್ದ ಶತ್ರು ವಿಮಾನ ಕಾಣುತ್ತದೆ, ಉರಿಯುವ ಇಂಜಿನ್ ಕಾಣುತ್ತದೆ. ಸರಿಯಾಗಿ ಹಾಕಿದ ಲೆಕ್ಕ ಕಾಣುವುದಿಲ್ಲ. ಲೆಕ್ಕ ಸರಿಯಾದಾಗ ಆಗುವುದೇನು? ಏನೂ ಆಗುವುದಿಲ್ಲ. ಫಿರಂಗಿ ಸಿಡಿಯುವುದಿಲ್ಲ, ದಾರಿ ತಪ್ಪುವುದಿಲ್ಲ, ಕರಾವಳಿ ಹೇಳಿದ ಹೊತ್ತಿಗೆ ಬರುತ್ತದೆ. ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಹೇಳುವುದು ಕಷ್ಟ. ಬ್ರಿಟಿಷ್ ವಾಯುಪಡೆಯ ಸಮವಸ್ತ್ರದ ಮೇಲೆ ಪೈಲಟ್ ಬ್ಯಾಡ್ಜ್‌ಗೆ ಎರಡು ರೆಕ್ಕೆ, ನ್ಯಾವಿಗೇಟರ್ ಬ್ಯಾಡ್ಜ್‌ಗೆ ಎನ್ ಅಕ್ಷರದ ಪಕ್ಕ ಒಂದೇ ರೆಕ್ಕೆ ಇರುತ್ತಿತ್ತು. ಹೊರಗಿನ ಕಣ್ಣು ಅವರನ್ನು ಹೇಗೆ ನೋಡುತ್ತಿತ್ತು ಎಂಬುದೂ ಹೆಚ್ಚುಕಡಿಮೆ ಹಾಗೆಯೇ.

ಆದರೆ ವಿಮಾನದ ಒಳಗೆ ಇದ್ದವರಿಗೆ ಗೊತ್ತಿತ್ತು. ಮಾರ್ಫಿನ್ ಬೇಡವೆಂದದ್ದನ್ನು ಕೇಳಿದವರು, ಕೈಕೊಟ್ಟು ಒರಗಿಸಿ ಕೂರಿಸಿದವರು, ಇಂಟರ್‌ಕಾಮ್‌ನಲ್ಲಿ ಎರಡೂವರೆ ತಾಸು ಆ ದನಿ ಕೇಳುತ್ತಾ ವಿಮಾನ ತಿರುಗಿಸಿದವರು ನೆಲೆಗೆ ಮರಳಿದ್ದರಿಂದಲೇ ಈ ಕತೆ ಉಳಿಯಿತು. ಲೆಕ್ಕ ತಪ್ಪಿದ್ದರೆ ಹೇಳುವವರೇ ಇರುತ್ತಿರಲಿಲ್ಲ. ಫೆಮೋಯರ್ ಉಳಿಸಿದ್ದು ತಮ್ಮ ಸಾಕ್ಷಿಗಳನ್ನೂ ಸೇರಿಸಿ.

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾವು ಕನ್ನಡ ನಾಡಿನವರು ದೂರ ಹೋಗಬೇಕಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ನ್ಯಾವಿಗೇಟರ್ ಅಲ್ಲ, ಪೈಲಟ್. ಒಬ್ಬರೇ ಕೂರುವ ಮಿಸ್ಟೇರ್ ವಿಮಾನ ಅವರದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿ ಅವರು ಇದ್ದರು, ಮರಳಲಿಲ್ಲ. ಅವರು ಹೇಗೆ ಹೋರಾಡಿದರು ಎಂದು ಹೇಳಲು ಆ ವಿಮಾನದಲ್ಲಿ ಎರಡನೆಯ ಮನುಷ್ಯ ಇರಲಿಲ್ಲ. ವರ್ಷಗಳ ನಂತರ, ವಿದೇಶಿ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ಮಾಹಿತಿ ಹಿಡಿದು ಬರೆದಾಗ ಹೊರಬಂದ ಸಂಗತಿ ಇದು: ಅವರನ್ನು ಬೆನ್ನಟ್ಟಿ ಬಂದದ್ದು ಶಬ್ದಕ್ಕಿಂತ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್. ತಮ್ಮ ನಿಧಾನದ ವಿಮಾನದಲ್ಲೇ ದೇವಯ್ಯ ಅದರ ಮೇಲೆ ತಿರುಗಿಬಿದ್ದು ಕೆಡವಿದ್ದರು. ಆ ಪಾಕಿಸ್ತಾನಿ ಪೈಲಟ್ ಹೊರಕ್ಕೆ ಜಿಗಿದು ಬದುಕಿಕೊಂಡರು. ಅಂದರೆ ಕಡೆಗೆ ಸಾಕ್ಷಿ ಬಂದದ್ದು ಎದುರಾಳಿಯ ಕಡೆಯಿಂದ. ದೇವಯ್ಯ ಅವರಿಗೆ ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, 23 ವರ್ಷದ ಮೇಲೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಆ ದಾರಿಯಲ್ಲಿ ಬಸ್ಸು ಹಿಡಿಯುವ ಎಷ್ಟೋ ಜನಕ್ಕೆ ಈ 23 ವರ್ಷದ ಕತೆ ಗೊತ್ತಿರಲಿ ಎಂಬುದು ನನ್ನ ಆಸೆ.

ನಮ್ಮ ನ್ಯಾವಿಗೇಟರ್‌ಗಳ ಮಾತನ್ನೂ ಇಲ್ಲಿ ಹೇಳಲೇಬೇಕು. ಅದೇ 1965ರ ಯುದ್ಧದಲ್ಲಿ ಭಾರತೀಯ ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್‌ಗಳು ರಾತ್ರಿಯ ಕತ್ತಲಲ್ಲಿ ಪೇಶಾವರದವರೆಗೂ ಹೋಗಿ ದಾಳಿ ಮಾಡಿ ಬಂದವು. ವಿಮಾನದಲ್ಲಿ ಇಬ್ಬರೇ, ಒಬ್ಬ ಪೈಲಟ್, ಒಬ್ಬ ನ್ಯಾವಿಗೇಟರ್. ನಮ್ಮಲ್ಲಿದ್ದ ಬಿ(ಐ)58 ಮಾದರಿಯಲ್ಲಿ ಪೈಲಟ್‌ಗೆ ಅಪಾಯದ ಹೊತ್ತಿನಲ್ಲಿ ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟು ಇತ್ತು, ನ್ಯಾವಿಗೇಟರ್‌ಗೆ ಇರಲಿಲ್ಲ. ವಿಮಾನಕ್ಕೆ ಬೆಂಕಿ ಬಿದ್ದರೆ ನ್ಯಾವಿಗೇಟರ್ ತಾನೇ ಎದ್ದು, ಎದೆಗೆ ಪ್ಯಾರಾಚೂಟ್ ಸಿಕ್ಕಿಸಿಕೊಂಡು, ಬಾಗಿಲ ಹತ್ತಿರ ತೆವಳಿ ಹೋಗಿ ಹಾರಬೇಕಿತ್ತು. ಕೆಳಮಟ್ಟದಲ್ಲಿ ಹಾರುವಾಗ ಅದಕ್ಕೆಲ್ಲ ಸಮಯವೇ ಸಿಗುವುದಿಲ್ಲ ಎಂದು ಗೊತ್ತಿದ್ದೂ ಅವರು ಪ್ರತಿ ರಾತ್ರಿ ಆ ಜಾಗದಲ್ಲಿ ಹೋಗಿ ಕೂರುತ್ತಿದ್ದರು. ಕ್ಯಾನ್‌ಬೆರಾ ನ್ಯಾವಿಗೇಟರ್‌ಗಳಿಗೆ ವೀರ ಚಕ್ರ ಸಂದಿದೆ. ಆ ಹೆಸರುಗಳು ಪೈಲಟ್‌ಗಳ ಹೆಸರಿನಷ್ಟು ನಮ್ಮ ನಾಲಿಗೆಯ ಮೇಲಿಲ್ಲ, ಇರಬೇಕಿತ್ತು. ಆ ವಿಮಾನಗಳು 2007ರ ಮೇ ತಿಂಗಳಲ್ಲಿ ಆಗ್ರಾದಲ್ಲಿ ನಿವೃತ್ತಿಯಾದವು. ಇವತ್ತಿನ ಯುದ್ಧ ವಿಮಾನಗಳಲ್ಲಿ ಗಾಳಿಯ ತ್ರಿಕೋನವನ್ನು ಕಂಪ್ಯೂಟರ್ ಕ್ಷಣಕ್ಕೊಮ್ಮೆ ಬಿಡಿಸುತ್ತದೆ, ಉಪಗ್ರಹಗಳು ಇರುವ ಜಾಗ ಹೇಳುತ್ತವೆ. ಸುಖೋಯ್-30ರಂಥ ವಿಮಾನದ ಹಿಂದಿನ ಸೀಟಿನಲ್ಲಿ ಕೂರುವವರ ಕೆಲಸ ಈಗ ಹೆಚ್ಚಾಗಿ ರಾಡಾರು, ಆಯುಧಗಳದ್ದು.

ಫೆಮೋಯರ್ ಓದಿದ್ದು ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ನ ಕಾಲೇಜಿನಲ್ಲಿ, ಈಗ ವರ್ಜೀನಿಯಾ ಟೆಕ್ ಎಂದು ಹೆಸರಾದದ್ದು. ಅಲ್ಲಿ ವಿದ್ಯಾರ್ಥಿಗಳ ವಸತಿಗೆಂದು ಕಟ್ಟಿಸಿದ ಕಟ್ಟಡವೊಂದಕ್ಕೆ ಅವರ ಹೆಸರಿಟ್ಟರು. ಮೆಡಲ್ ಆಫ್ ಆನರ್ ಕೊಡುವ ಸೇನೆಯ ಆದೇಶದ ಸಂಖ್ಯೆ 35, ದಿನಾಂಕ 1945ರ ಮೇ 9. ಜರ್ಮನಿ ಶರಣಾಗಿ ಯುರೋಪಿನಲ್ಲಿ ಯುದ್ಧ ಮುಗಿದದ್ದು ಅದರ ಹಿಂದಿನ ದಿನ.